ಶಾಸ್ತ್ರೀಯ ಭಾಷೆ, ಸರಕಾರಿ ಶಾಲೆ ಮತ್ತು ಸಾರ್ವಜನಿಕ ಬೊಕ್ಕಸ: ಕರ್ನಾಟಕದ ಅನುಭವದ ಒಂದು ಪರಿಶೀಲನೆ

ಬಹುಮಟ್ಟಿಗೆ ಇಂದು ಯಾರ ಮನೆಮಾತೂ ಅಲ್ಲದ ಪ್ರಾಚೀನ ಭಾಷೆಯೊಂದನ್ನು ಸರಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಕಲಿಸಬೇಕೆ ಎಂಬುದು ಹಳೆಯ ಪ್ರಶ್ನೆ. ಯುರೋಪಿನಲ್ಲಿ ಇದು ಲ್ಯಾಟಿನ್ನಿನ ಪ್ರಶ್ನೆಯಾಗಿದೆ. ನಮ್ಮಲ್ಲಿ ಸಂಸ್ಕೃತದ ಪ್ರಶ್ನೆಯಾಗಿ ಮೂಡಿ, 2008ರ ಅನಂತರ ಹಳಗನ್ನಡದ ಪ್ರಶ್ನೆಯೂ ಆಗಿದೆ. ಈ ಚರ್ಚೆ ನಡೆದಾಗಲೆಲ್ಲ ಮೂರು ಬೇರೆ ಬೇರೆ ಸಂಗತಿಗಳು ಒಂದರೊಳಗೊಂದು ಬೆರೆತುಹೋಗುತ್ತವೆ. ಆ ಭಾಷೆಗೆ ಕಲಿಯುವ ಯೋಗ್ಯತೆ ಉಂಟೆ ಎಂಬುದು ಮೊದಲನೆಯದು. ಅದರ ವೆಚ್ಚವನ್ನು ಯಾರು ಹೊರಬೇಕು ಎಂಬುದು ಎರಡನೆಯದು. ಪರೀಕ್ಷೆಯ ಅಂಕಪಟ್ಟಿಯಲ್ಲಿ ಅದು ಯಾವ ಭಾಷೆಯ ಸ್ಥಾನವನ್ನು ಆಕ್ರಮಿಸುತ್ತದೆ ಎಂಬುದು ಮೂರನೆಯದು. ಕರ್ನಾಟಕದಲ್ಲಿ ನಡೆದ ವಾದಗಳೆಲ್ಲ ಮೇಲ್ನೋಟಕ್ಕೆ ಮೊದಲನೆಯದನ್ನು ಕುರಿತವು. ವಸ್ತುತಃ ಅವು ಮೂರನೆಯದನ್ನು ಕುರಿತವು. ಎರಡನೆಯದು ಮಾತ್ರ ಸರಿಯಾಗಿ ಚರ್ಚೆಗೆ ಬಂದೇ ಇಲ್ಲ ಎಂಬುದು ಪ್ರಸ್ತುತ ಲೇಖನದ ಅಭಿಪ್ರಾಯ.

ಅಂಕವು ಭಾಷೆಯ ಬೆಲೆಯನ್ನು ಹೇಗೆ ನಿರ್ಧರಿಸುತ್ತದೆ ಎಂಬುದನ್ನು ತಿಳಿಯಲು ದೆಹಲಿಯ ಮುಖರ್ಜಿ ನಗರಕ್ಕಿಂತ ತಕ್ಕ ಸ್ಥಳ ಬೇರೊಂದಿಲ್ಲ. ದೆಹಲಿ ವಿಶ್ವವಿದ್ಯಾಲಯದ ಉತ್ತರ ಆವರಣಕ್ಕೆ ಸಮೀಪದ ಈ ಬಡಾವಣೆ ನಾಗರಿಕ ಸೇವಾ ಪರೀಕ್ಷೆಯ ತರಬೇತಿ ಕೇಂದ್ರಗಳಿಗೆ ಹೆಸರಾದದ್ದು. 2014ರಲ್ಲಿ ಪ್ರಾಥಮಿಕ ಪರೀಕ್ಷೆಯ ಇಂಗ್ಲಿಷ್ ಗ್ರಹಿಕೆಯ ಪ್ರಶ್ನೆಗಳ ವಿರುದ್ಧ ಹಿಂದಿ ಮಾಧ್ಯಮದ ಅಭ್ಯರ್ಥಿಗಳು ಇಲ್ಲಿ ದೀರ್ಘಕಾಲ ಚಳವಳಿ ನಡೆಸಿದರು. ಆ ಪ್ರಶ್ನೆಗಳ ಅಂಕಗಳನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲವೆಂದು ಕೇಂದ್ರ ಸರಕಾರ ಅದೇ ವರ್ಷ ಆಗಸ್ಟ್ 4ರಂದು ಪ್ರಕಟಿಸಿತು. ಅದೇ ಪರೀಕ್ಷೆಯ ಐಚ್ಛಿಕ ವಿಷಯಗಳಲ್ಲಿ ಇಪ್ಪತ್ತಮೂರು ಭಾಷೆಗಳ ಸಾಹಿತ್ಯಗಳಿವೆ. ಸಂಸ್ಕೃತ ಅವುಗಳಲ್ಲಿ ಒಂದು, ಕನ್ನಡವೂ ಒಂದು. ಕನ್ನಡದ ಪಠ್ಯಕ್ರಮದಲ್ಲಿ ವಡ್ಡಾರಾಧನೆಯ ಕಥೆಗಳೂ ಪಂಪನ ವಿಕ್ರಮಾರ್ಜುನ ವಿಜಯದ ಎರಡು ಆಶ್ವಾಸಗಳೂ ಸೇರಿವೆ. ಈ ವಿಷಯವನ್ನು ಆಯ್ದುಕೊಂಡು ದೆಹಲಿಗೆ ಬರುವ ಕನ್ನಡದ ತರುಣರಲ್ಲಿ ಹಲವರು ಮೂಲವನ್ನು ಬಿಟ್ಟು ಸಾರಾಂಶವನ್ನು ಓದುತ್ತಾರೆ. ಅವರಿಗೆ ಬುದ್ಧಿಯ ಕೊರತೆಯಿಲ್ಲ. ಹಳಗನ್ನಡದ ಪದ್ಯವೊಂದನ್ನು ಬಿಡಿಸಿ, ಅನ್ವಯಿಸಿ ಓದುವ ಕ್ರಮವನ್ನು ಅವರಿಗೆ ಶಾಲೆಯಲ್ಲಿ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೆ. ನಮ್ಮ ವಿಚಾರಕ್ಕೆ ಈ ಸಂಗತಿಯೇ ಪ್ರೇರಣೆ.

1. ದತ್ತಿಯ ಪರಂಪರೆ

ಸಂಸ್ಕೃತ ವಿದ್ಯೆಗೆ ಪ್ರಭುತ್ವದ ಆಶ್ರಯ ದೊರೆತದ್ದು ಕರ್ನಾಟಕದಲ್ಲಿ ಹೊಸತಲ್ಲ. ಇಂಡಿ ತಾಲ್ಲೂಕಿನ ಸಾಲೋಟಗಿಯ ಕ್ರಿ.ಶ. 945ರ ಶಾಸನ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು. ಅವನ ಮಂತ್ರಿ ನಾರಾಯಣನು ಕಟ್ಟಿಸಿದ ಶಾಲೆ, ವಿದ್ಯಾರ್ಥಿಗಳ ವಸತಿಗೆಂದು ಬಿಟ್ಟ ಇಪ್ಪತ್ತೇಳು ಮನೆಗಳು, ಭೂದಾನಗಳು ಅದರಲ್ಲಿ ಉಕ್ತವಾಗಿವೆ. ಊರವರು ಮದುವೆ, ಉಪನಯನಾದಿ ಸಂದರ್ಭಗಳಲ್ಲಿ ಆ ಶಾಲೆಗೆ ಹಣ ಸಲ್ಲಿಸಬೇಕೆಂಬ ಕಟ್ಟಳೆಯೂ ಅಲ್ಲಿದೆ. ಚಿತ್ತಾಪುರದ ಬಳಿಯ ನಾಗಾವಿಯ 1058ರ ಶಾಸನದಲ್ಲಿ ಘಟಿಕಾಸ್ಥಾನವೊಂದರ ವಿವರಗಳಿವೆ: ವೇದಾಧ್ಯಯನ ಮಾಡುವ ಇನ್ನೂರು ಮಂದಿ, ಶಾಸ್ತ್ರಾಧ್ಯಯನ ಮಾಡುವ ಸುಮಾರು ಐವತ್ತು ಮಂದಿ, ಅವರಿಗೆ ಉಪಾಧ್ಯಾಯರು, ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರು. ಬಳ್ಳಿಗಾವೆಯ ಕೋಡಿಯಮಠವನ್ನು ವರ್ಣಿಸುವ 1162ರ ಶಾಸನ ಅಲ್ಲಿ ಪಾಠವಾಗುತ್ತಿದ್ದ ಹಲವು ವ್ಯಾಕರಣಗಳನ್ನು ಹೆಸರಿಸುತ್ತದೆ.

ಈ ದಾಖಲೆಗಳನ್ನು ಹೆಮ್ಮೆಯಿಂದ ಉದ್ಧರಿಸುವುದು ವಾಡಿಕೆ. ಆದರೆ ಅವುಗಳಿಂದ ತಿಳಿದುಬರುವ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ದತ್ತಿಗೆ ಬಂದ ಭೂಮಿಯ ಉತ್ಪನ್ನ ಉತ್ತವರ ದುಡಿಮೆಯಿಂದ ಬಂದದ್ದು; ಮದುವೆಯ ಸುಂಕವನ್ನು ತೆತ್ತವರು ಊರವರು. ವೇದಶಾಸ್ತ್ರಗಳ ಆ ಪೀಠಗಳಲ್ಲಿ ಕುಳಿತವರು ಒಂದು ವರ್ಣದವರು ಮಾತ್ರ. ವೆಚ್ಚ ಸಾರ್ವಜನಿಕವಾಗಿತ್ತು, ಪ್ರವೇಶ ಸಾರ್ವಜನಿಕವಾಗಿರಲಿಲ್ಲ. ಶಾಸ್ತ್ರೀಯ ಭಾಷೆಯ ಶಿಕ್ಷಣಕ್ಕೆ ಸರಕಾರ ಹಣ ಕೊಡಬಾರದೆಂದು ಇಂದು ವಾದಿಸುವವರ ಮನಸ್ಸಿನ ಹಿಂದೆ ಇರುವುದು ಈ ನೆನಪೇ. ಅದು ನಿರಾಧಾರವಾದುದಲ್ಲ.

ಕನ್ನಡದ ಕಲಿಕೆಗೆ ದತ್ತಿ ದೊರೆತ ನಿದರ್ಶನಗಳು ಇಲ್ಲವೆಂದಲ್ಲ. ಹದಿಮೂರನೆಯ ಶತಮಾನದ ಕೊನೆಯ ಭಾಗದ ಹೊಯ್ಸಳ ಶಾಸನವೊಂದು ನಾಗರ, ಕನ್ನಡ, ತಿಗುಳ, ಆರ್ಯಗಳನ್ನು ಮಕ್ಕಳಿಗೆ ಕಲಿಸುವ ಉಪಾಧ್ಯಾಯರ ಜೀವಿತಕ್ಕೆ ವ್ಯವಸ್ಥೆ ಮಾಡಿದೆ. ಆದರೆ ಬಹುಕಾಲ ಕನ್ನಡ ಓದುಬರಹ ನಡೆದುಬಂದದ್ದು ಕೂಲಿಮಠಗಳಲ್ಲಿ. ಹೆಸರೇ ಸೂಚಿಸುವಂತೆ ಅಲ್ಲಿನ ಐಗಳಿಗೆ ದಕ್ಷಿಣೆ ಸಲ್ಲುತ್ತಿದ್ದುದು ಮಕ್ಕಳ ಮನೆಗಳಿಂದ. ಅಮರಕೋಶ, ಜೈಮಿನಿ ಭಾರತ, ಸೋಮೇಶ್ವರ ಶತಕಗಳು ಅಲ್ಲಿ ಬಾಯಿಪಾಠವಾಗುತ್ತಿದ್ದವು. ಓದು ಬಾರದವರಿಗೂ ಗಮಕದ ಮೂಲಕ ಕುಮಾರವ್ಯಾಸ, ಲಕ್ಷ್ಮೀಶರು ತಲುಪುತ್ತಿದ್ದರು. ಸಂಸ್ಕೃತಕ್ಕೆ ದತ್ತಿ, ಕನ್ನಡಕ್ಕೆ ಕೂಲಿ ಎಂಬ ಈ ವ್ಯತ್ಯಾಸ ಬೇರೊಂದು ರೂಪದಲ್ಲಿ ಇಂದಿಗೂ ಮುಂದುವರಿದಿದೆ. ಅದನ್ನು ಮುಂದೆ ಕಾಣಬಹುದು.

ಇಷ್ಟಾದರೂ ಈ ಎರಡು ಭಾಷೆಗಳನ್ನು ಪರಸ್ಪರ ವಿರೋಧಿಗಳೆಂದು ಚಿತ್ರಿಸುವುದು ಸಾಹಿತ್ಯ ಚರಿತ್ರೆಗೆ ಒಪ್ಪುವ ಮಾತಲ್ಲ. ಎರಡನೆಯ ನಾಗವರ್ಮನ ಕರ್ಣಾಟಕ ಭಾಷಾಭೂಷಣವೂ 1604ರ ಭಟ್ಟಾಕಳಂಕನ ಕರ್ಣಾಟಕ ಶಬ್ದಾನುಶಾಸನವೂ ಕನ್ನಡಕ್ಕೆ ಸಂಸ್ಕೃತ ಸೂತ್ರಗಳಲ್ಲಿ ರಚಿತವಾದ ವ್ಯಾಕರಣಗಳು. ಹದಿಮೂರನೆಯ ಶತಮಾನದ ಕೇಶಿರಾಜ ಅದೇ ಕಾರ್ಯವನ್ನು ಕನ್ನಡದಲ್ಲೇ ಸಾಧಿಸಿದ. ಹನ್ನೆರಡನೆಯ ಶತಮಾನದ ಶರಣರು ಆಡುಮಾತಿಗೆ ಹತ್ತಿರವಾದ ಕನ್ನಡವನ್ನು ಆಯ್ದುಕೊಂಡದ್ದು ಸಂಸ್ಕೃತದ ಅಜ್ಞಾನದಿಂದಲ್ಲ. ಅದರ ಅಧಿಕಾರವನ್ನು ಅರಿತೇ ಆ ಆಯ್ಕೆಯನ್ನು ಮಾಡಿದರು. ಆದ್ದರಿಂದ ಮಧ್ಯಕಾಲೀನ ಕನ್ನಡದ ಅಭ್ಯಾಸಿಗೆ ಸಂಸ್ಕೃತ, ಪ್ರಾಕೃತಗಳ ಪರಿಚಯ ಅನಿವಾರ್ಯ. ಬಹಮನಿ, ಆದಿಲಶಾಹಿ ಕಾಲದ ಇತಿಹಾಸಕ್ಕೆ ಪಾರಸಿಯೂ ಅಷ್ಟೇ ಅನಿವಾರ್ಯ.

2. ಮೈಸೂರು ಸಂಸ್ಥಾನದ ಪ್ರಯೋಗ

ಆಧುನಿಕ ಕಾಲದಲ್ಲಿ ಸಾರ್ವಜನಿಕ ಹಣದಿಂದ ಪ್ರಾಚೀನ ವಿದ್ಯೆಯನ್ನು ಪೋಷಿಸಿದ್ದಕ್ಕೆ ಮೈಸೂರು ಸಂಸ್ಥಾನ ಉತ್ತಮ ಉದಾಹರಣೆ. ಮೈಸೂರಿನ ಮಹಾರಾಜ ಸಂಸ್ಕೃತ ಪಾಠಶಾಲೆ 1876ರಲ್ಲಿ ಸ್ಥಾಪಿತವಾಯಿತು. 1891ರಲ್ಲಿ ಪ್ರಾಚ್ಯ ಗ್ರಂಥಾಲಯ ಆರಂಭವಾಯಿತು. ಆ ಗ್ರಂಥಾಲಯಕ್ಕೆ 1905ರಲ್ಲಿ ಬಂದ ತಾಳೆಗರಿಯ ಪ್ರತಿಯಿಂದಲೇ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಪ್ರಕಟಿಸಿದರು. ಬಿ.ಎಲ್. ರೈಸ್ ಅವರ ನೇತೃತ್ವದಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡು ಸಂಪುಟಗಳು 1886ರಿಂದ 1905ರ ಅವಧಿಯಲ್ಲಿ ಹೊರಬಂದು ಸುಮಾರು 9,000 ಶಾಸನಗಳು ವಿದ್ವಾಂಸರಿಗೆ ಲಭ್ಯವಾದವು. ಪಂಪಭಾರತ, ಕವಿರಾಜಮಾರ್ಗಗಳು ಅಚ್ಚಾದದ್ದೂ ಇದೇ ಕಾಲದಲ್ಲಿ.

ಈ ವೆಚ್ಚದ ಫಲವನ್ನು ಯಾರೂ ಅಲ್ಲಗಳೆಯಲಾರರು. ಕನ್ನಡದ ಪ್ರಾಚೀನತೆಯನ್ನು ಕುರಿತು ನಾವಿಂದು ಆಡುವ ಪ್ರತಿಯೊಂದು ಮಾತೂ ಈ ಪ್ರಕಟಣೆಗಳ ಋಣದಲ್ಲಿದೆ. 2008ರ ಅಕ್ಟೋಬರ್ 31ರಂದು ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ದೊರೆತದ್ದೂ ಇವು ಒದಗಿಸಿದ ಆಧಾರಗಳ ಬಲದಿಂದ. ಆದರೆ ಒಂದು ಅಂಶವನ್ನು ಇಲ್ಲಿ ಹೇಳಬೇಕು. ಸಂಸ್ಥಾನ ಗ್ರಂಥಗಳನ್ನು ಅಚ್ಚು ಹಾಕಿಸಿತು, ಪಂಡಿತರನ್ನು ಪೋಷಿಸಿತು. ಆ ಗ್ರಂಥಗಳನ್ನು ಓದಬಲ್ಲ ಸಾಮಾನ್ಯ ವಾಚಕರನ್ನು ಸಿದ್ಧಪಡಿಸುವ ಹೊಣೆ ಮಾತ್ರ ಶಾಲೆಯ ಕನ್ನಡ ಪಂಡಿತರ ಮೇಲೆ ಬಿತ್ತು. ಅವರು ಹಳಗನ್ನಡವನ್ನು ಕನ್ನಡ ತರಗತಿಯ ಒಳಗೇ, ಬೇರೆ ವಿಷಯವೆಂದು ಪರಿಗಣಿಸದೆ ಕಲಿಸಿದರು. ಇದು ಸಣ್ಣ ಸಂಗತಿಯೆಂದು ತೋರಬಹುದು. ಆದರೆ ಈ ಲೇಖನದ ತೀರ್ಮಾನ ನಿಂತಿರುವುದು ಅದರ ಮೇಲೆ.

3. ಗೋಕಾಕ್ ಸಮಿತಿಯ ಮುಂದಿದ್ದ ಪ್ರಶ್ನೆ

ಏಕೀಕರಣದ ಅನಂತರ ಕರ್ನಾಟಕದ ಪ್ರೌಢಶಾಲೆಗಳಲ್ಲಿ ಸಂಸ್ಕೃತ ಪ್ರಥಮ ಭಾಷೆಯ ಪಟ್ಟಿಯಲ್ಲಿತ್ತು. ಕನ್ನಡ ಮನೆಮಾತಿನ ವಿದ್ಯಾರ್ಥಿಯೊಬ್ಬ ಪ್ರೌಢಶಾಲೆಯಲ್ಲಿ ಕನ್ನಡಕ್ಕೆ ಬದಲು ಸಂಸ್ಕೃತವನ್ನು ಪ್ರಥಮ ಭಾಷೆಯನ್ನಾಗಿ ಆಯ್ದುಕೊಂಡು, ಕನ್ನಡವನ್ನು ಓದದೆಯೇ ಎಸ್.ಎಸ್.ಎಲ್.ಸಿ. ಮುಗಿಸುವುದು ಸಾಧ್ಯವಿತ್ತು. ಹೆಚ್ಚು ಅಂಕ ಬರುವ ವಿಷಯವೆಂಬ ಕಾರಣಕ್ಕೆ ಈ ಆಯ್ಕೆ ನಗರಗಳಲ್ಲಿ ಜನಪ್ರಿಯವಾಯಿತು. 1979ರಲ್ಲಿ ಸರಕಾರ ಸಂಸ್ಕೃತವನ್ನು ಪ್ರಥಮ ಭಾಷೆಯ ಸ್ಥಾನದಿಂದ ತೆಗೆಯಲು ಹೊರಟಾಗ ವಿವಾದ ಎದ್ದಿತು. ಅದರ ಪರಿಣಾಮವಾಗಿ 1980ರ ಜುಲೈ 5ರಂದು ವಿ.ಕೃ. ಗೋಕಾಕರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು.

ಗೋಕಾಕ್ ಚಳವಳಿ ಎಂದೊಡನೆ ಕನ್ನಡ-ಇಂಗ್ಲಿಷ್ ಸಂಘರ್ಷವನ್ನು ನೆನೆಯುವುದು ರೂಢಿಯಾಗಿದೆ. ಆದರೆ ಸಮಿತಿಗೆ ಒಪ್ಪಿಸಿದ ವಿಚಾರಣಾಂಶಗಳು ಸಂಸ್ಕೃತದಿಂದಲೇ ಆರಂಭವಾಗುತ್ತವೆ: ಶಾಲೆಯ ಪಠ್ಯಕ್ರಮದಲ್ಲಿ ಸಂಸ್ಕೃತ ಉಳಿಯಬೇಕೆ? ಉಳಿಯಬೇಕಾದರೆ ಪ್ರಥಮ ಭಾಷೆಯಾಗಿಸದೆ ಅದನ್ನು ಉಳಿಸಿಕೊಳ್ಳುವ ಬಗೆ ಯಾವುದು? ಕನ್ನಡವನ್ನು ಎಲ್ಲರಿಗೂ ಕಡ್ಡಾಯ ಮಾಡಿ ಉಳಿದೆರಡು ಭಾಷೆಗಳ ಆಯ್ಕೆಯನ್ನು ವಿದ್ಯಾರ್ಥಿಗಳಿಗೇ ಬಿಡುವುದು ಯುಕ್ತವೆ? 1981ರ ಜನವರಿ 27ರಂದು ಸಲ್ಲಿಸಿದ ವರದಿಯಲ್ಲಿ ಪ್ರೌಢಶಾಲೆಯ ಏಕೈಕ ಪ್ರಥಮ ಭಾಷೆ 150 ಅಂಕಗಳ ಕನ್ನಡವಾಗಬೇಕೆಂದು ಸಮಿತಿ ಶಿಫಾರಸು ಮಾಡಿತು. 1982ರ ಚಳವಳಿ, ಅದರಲ್ಲಿ ರಾಜಕುಮಾರ್ ಅವರ ಪಾತ್ರ, ಅದೇ ವರ್ಷದ ಸರಕಾರಿ ಆದೇಶಗಳು ಸುವಿದಿತ. 1989ರ ಜನವರಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಕನ್ನಡವೊಂದನ್ನೇ ಎಲ್ಲರಿಗೂ ಪ್ರಥಮ ಭಾಷೆಯನ್ನಾಗಿಸಿದ ಕ್ರಮವನ್ನು ಒಪ್ಪಲಿಲ್ಲ. ಅನಂತರ ಅದೇ ವರ್ಷ ಹೊರಟ ಪರಿಷ್ಕೃತ ಆದೇಶವನ್ನು ಸರ್ವೋಚ್ಚ ನ್ಯಾಯಾಲಯ 1993ರ ಡಿಸೆಂಬರ್ 8ರಂದು ಎತ್ತಿಹಿಡಿಯಿತು. ಸಂಸ್ಕೃತ ಕೊನೆಗೂ ಪ್ರಥಮ ಭಾಷೆಗಳ ಪಟ್ಟಿಯಲ್ಲಿ ಉಳಿದುಕೊಂಡಿತು.

ಇಲ್ಲಿ ಗಮನಿಸಬೇಕಾದುದೇನೆಂದರೆ ಗೋಕಾಕರು ಸಂಸ್ಕೃತದ ವಿರೋಧಿಗಳಾಗಿರಲಿಲ್ಲ. ಇಂಗ್ಲಿಷಿನ ಪ್ರಾಧ್ಯಾಪಕರೂ ಕನ್ನಡದ ಕವಿಯೂ ಆಗಿದ್ದ ಅವರ ಕಾವ್ಯದ ಪ್ರೇರಣೆಗಳಲ್ಲಿ ವೈದಿಕ ಪರಂಪರೆಯೂ ಒಂದು. ಅವರು ಕಲಿಕೆಯನ್ನು ಅಂಕದ ಸ್ಥಾನದಿಂದ ಬೇರ್ಪಡಿಸಲು ಯತ್ನಿಸಿದರು. ಸಂಸ್ಕೃತ ಇರಲಿ, ಆದರೆ ಕನ್ನಡದ ಜಾಗದಲ್ಲಿ ಬೇಡ ಎಂಬುದು ಅವರ ನಿಲುವಿನ ತಿರುಳು. ಸಾರ್ವಜನಿಕ ಚರ್ಚೆಯಲ್ಲಿ ಈ ಭೇದ ಅಳಿಸಿಹೋಗಿ, ಸಂಸ್ಕೃತದ ಪರ, ಸಂಸ್ಕೃತದ ವಿರೋಧ ಎಂಬ ಎರಡೇ ಪಕ್ಷಗಳು ಉಳಿದವು.

4. ಬೊಕ್ಕಸದ ಲೆಕ್ಕ

ಕೇಂದ್ರದ ಮಟ್ಟದಲ್ಲಿ ಸಂಸ್ಕೃತದ ಸ್ಥಾನಕ್ಕೆ ಬೇರೆಯ ಹಿನ್ನೆಲೆಯಿದೆ. ಸುನೀತಿಕುಮಾರ ಚಟರ್ಜಿಯವರ ಅಧ್ಯಕ್ಷತೆಯ ಸಂಸ್ಕೃತ ಆಯೋಗ 1956ರಲ್ಲಿ ನೇಮಕಗೊಂಡು ಮರುವರ್ಷ ವರದಿ ಸಲ್ಲಿಸಿತು. 1994ರ ಅಕ್ಟೋಬರ್ 4ರಂದು ಸರ್ವೋಚ್ಚ ನ್ಯಾಯಾಲಯ ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಯ ಪಠ್ಯಕ್ರಮದಲ್ಲಿ ಸಂಸ್ಕೃತವನ್ನು ಐಚ್ಛಿಕ ವಿಷಯವಾಗಿ ಸೇರಿಸಬೇಕೆಂದೂ ಅದರಿಂದ ಜಾತ್ಯತೀತ ತತ್ತ್ವಕ್ಕೆ ಭಂಗವಿಲ್ಲವೆಂದೂ ತೀರ್ಪಿತ್ತಿತು. ಹಾಗೆ ಮಾಡಿದರೆ ಅರಬ್ಬಿ, ಪಾರಸಿಗಳನ್ನೂ ಸೇರಿಸಬೇಕಾಗುತ್ತದೆ ಎಂಬ ಮಂಡಳಿಯ ವಾದ ಅಲ್ಲಿ ನಿಲ್ಲಲಿಲ್ಲ. 2014ರ ನವೆಂಬರಿನಲ್ಲಿ ಕೇಂದ್ರೀಯ ವಿದ್ಯಾಲಯಗಳಲ್ಲಿ ತೃತೀಯ ಭಾಷೆಯಾಗಿದ್ದ ಜರ್ಮನಿನ ಸ್ಥಾನಕ್ಕೆ ಶೈಕ್ಷಣಿಕ ವರ್ಷದ ನಡುವೆಯೇ ಸಂಸ್ಕೃತ ಬಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಂಸ್ಕೃತಕ್ಕೆ ಶಾಲೆಯ ಎಲ್ಲ ಹಂತಗಳಲ್ಲೂ ಅವಕಾಶ ಕಲ್ಪಿಸಿತು. ಕನ್ನಡವೂ ಸೇರಿದಂತೆ ಇತರ ಶಾಸ್ತ್ರೀಯ ಭಾಷೆಗಳನ್ನು ಶಾಲೆಗಳಲ್ಲಿ ಐಚ್ಛಿಕವಾಗಿ, ಸಾಧ್ಯವಾದರೆ ಆನ್‌ಲೈನ್ ಮೂಲಕ ಒದಗಿಸಬೇಕೆಂದಿತು.

ಈ ಎರಡು ವಾಕ್ಯಗಳ ನಡುವಿನ ಅಂತರ ಹಣದಲ್ಲಿಯೂ ಕಾಣುತ್ತದೆ. 2017-18ರಿಂದ 2019-20ರವರೆಗಿನ ಮೂರು ವರ್ಷಗಳಲ್ಲಿ ಕೇಂದ್ರ ಸರಕಾರ ಸಂಸ್ಕೃತದ ಪ್ರಸಾರಕ್ಕೆ 643.84 ಕೋಟಿ ರೂಪಾಯಿ ವ್ಯಯಿಸಿತೆಂದು ಸಂಸತ್ತಿಗೆ ತಿಳಿಸಲಾಯಿತು. ಅದೇ ಅವಧಿಯಲ್ಲಿ ತಮಿಳು, ತೆಲುಗು, ಕನ್ನಡ, ಮಲಯಾಳಂ, ಒಡಿಯಾ ಈ ಐದು ಶಾಸ್ತ್ರೀಯ ಭಾಷೆಗಳಿಗೆ ಒಟ್ಟಾಗಿ ದೊರೆತದ್ದು ಸುಮಾರು 29 ಕೋಟಿ. ಕನ್ನಡದ ಪಾಲು ಸುಮಾರು ಮೂರು ಕೋಟಿ. ದತ್ತಿ ಮತ್ತು ಕೂಲಿಗಳ ಹಳೆಯ ವ್ಯತ್ಯಾಸ ಮುಂದುವರಿದಿದೆಯೆಂದು ನಾವು ಹೇಳಿದ್ದು ಇದನ್ನೇ. ಕರ್ನಾಟಕ ಸಂಸ್ಕೃತ ವಿಶ್ವವಿದ್ಯಾಲಯದ ಹೊಸ ಆವರಣಕ್ಕೆ ಮಾಗಡಿಯ ಬಳಿ ನೂರು ಎಕರೆ ನೀಡುವುದರ ವಿರುದ್ಧ 2022ರ ಜನವರಿಯಲ್ಲಿ ಎದ್ದ ಪ್ರತಿಭಟನೆಯನ್ನು ಈ ಲೆಕ್ಕದ ಬೆಳಕಿನಲ್ಲಿ ಓದಬೇಕು. ಅದನ್ನು ಭಾಷಾದ್ವೇಷವೆಂದು ತಳ್ಳಿಹಾಕುವುದು ಸುಲಭ. ಆದರೆ ಅದರಲ್ಲಿ ನ್ಯಾಯದ ಪ್ರಶ್ನೆಯೊಂದಿತ್ತು. 2024ರ ಅಕ್ಟೋಬರಿನಲ್ಲಿ ಪಾಲಿ, ಪ್ರಾಕೃತ, ಮರಾಠಿ, ಬಂಗಾಳಿ, ಅಸ್ಸಾಮಿಗಳೂ ಶಾಸ್ತ್ರೀಯ ಭಾಷೆಗಳಾದವು. ಪಾಲಿ, ಪ್ರಾಕೃತಗಳಿಗೆ ಮುಖರ್ಜಿ ನಗರದ ತರುಣರು ಓದುವ ಐಚ್ಛಿಕ ವಿಷಯಗಳ ಪಟ್ಟಿಯಲ್ಲಿ ಮಾತ್ರ ಸ್ಥಾನವಿಲ್ಲ. ಬಿರುದು ಬೇರೆ, ಪೋಷಣೆ ಬೇರೆ ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

5. ಲ್ಯಾಟಿನ್ನಿನ ಎರಡು ಪಾಠಗಳು

ಯುರೋಪಿನ ಎರಡು ಪ್ರಸಂಗಗಳು ಇಲ್ಲಿ ನಮಗೆ ಉಪಯುಕ್ತ. ಇಟಲಿಯಲ್ಲಿ 1962ರ ಡಿಸೆಂಬರಿನ ಕಾಯಿದೆ ಎಲ್ಲ ಮಕ್ಕಳಿಗೂ ಒಂದೇ ಬಗೆಯ ಮಾಧ್ಯಮಿಕ ಶಾಲೆಯನ್ನು ಸ್ಥಾಪಿಸಿತು. ಅದಕ್ಕೆ ಮುಂಚೆ ಪ್ರಾಥಮಿಕ ಶಾಲೆ ಮುಗಿಸಿದ ಮಕ್ಕಳು ಎರಡು ದಾರಿಗಳಲ್ಲಿ ಹಂಚಿಹೋಗುತ್ತಿದ್ದರು. ಲ್ಯಾಟಿನ್ ಇದ್ದ ಶಾಲೆ ಉನ್ನತ ಶಿಕ್ಷಣಕ್ಕೆ ಒಯ್ಯುತ್ತಿತ್ತು. ಲ್ಯಾಟಿನ್ ಇಲ್ಲದ ಶಾಲೆ ಕಸುಬಿಗೆ ಒಯ್ಯುತ್ತಿತ್ತು. ಹೊಸ ಕಾಯಿದೆ ಲ್ಯಾಟಿನ್ನನ್ನು ಕಡ್ಡಾಯದ ಸ್ಥಾನದಿಂದ ಇಳಿಸಿತು. 1977ರಲ್ಲಿ ಅದು ಮಾಧ್ಯಮಿಕ ಶಾಲೆಯಿಂದ ಪೂರ್ಣವಾಗಿ ಹೊರಬಂದಿತು. ಬಡವರ ಮಕ್ಕಳಿಗೆ ದಾರಿ ತೆರೆಯಲು ಲ್ಯಾಟಿನ್ನನ್ನು ತೆಗೆಯಬೇಕಾಯಿತು ಎಂಬುದು ಇದರ ಅರ್ಥ.

ಇಂಗ್ಲೆಂಡಿನ ಪ್ರಸಂಗ ಇದಕ್ಕೆ ಪ್ರತಿಯಾದುದು. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳು 1960ರಲ್ಲಿ ಪ್ರವೇಶಕ್ಕೆ ಲ್ಯಾಟಿನ್ನಿನ ಕಡ್ಡಾಯವನ್ನು ಕೈಬಿಟ್ಟ ಮೇಲೆ ಸರಕಾರಿ ಶಾಲೆಗಳಲ್ಲಿ ಅದು ಕ್ರಮೇಣ ಕ್ಷೀಣಿಸಿತು. 2021ರಲ್ಲಿ ಅಲ್ಲಿನ ಶಿಕ್ಷಣ ಇಲಾಖೆ ಉಲ್ಲೇಖಿಸಿದ ಸಮೀಕ್ಷೆಯ ಪ್ರಕಾರ ಪ್ರೌಢ ಶಿಕ್ಷಣದ ಆರಂಭದ ಹಂತದಲ್ಲಿ ಲ್ಯಾಟಿನ್ ಕಲಿಸುತ್ತಿದ್ದ ಸರಕಾರಿ ಶಾಲೆಗಳು ಶೇಕಡ 2.7, ಖಾಸಗಿ ಶಾಲೆಗಳು ಶೇಕಡ 49. ಈ ಅಂತರವನ್ನು ತಗ್ಗಿಸಲು 40 ಸರಕಾರಿ ಶಾಲೆಗಳಿಗೆಂದು 40 ಲಕ್ಷ ಪೌಂಡುಗಳ ಯೋಜನೆಯನ್ನು ಪ್ರಕಟಿಸಿ 2022ರಲ್ಲಿ ಆರಂಭಿಸಿದರು. ಸರಕಾರ ಬದಲಾದ ಮೇಲೆ 2025ರ ಫೆಬ್ರವರಿಯಲ್ಲಿ, ಶೈಕ್ಷಣಿಕ ವರ್ಷದ ನಡುವೆ, ಅದರ ಅನುದಾನ ನಿಂತಿತು. ಖಾಸಗಿ ಶಾಲೆಗಳಲ್ಲಿ ಲ್ಯಾಟಿನ್ ಅಬಾಧಿತವಾಗಿ ಮುಂದುವರಿಯಿತು.

ಈ ಎರಡು ಪ್ರಸಂಗಗಳಲ್ಲಿ ವಿರೋಧವಿಲ್ಲವೆಂದು ನಮ್ಮ ಅಭಿಪ್ರಾಯ. ಇಟಲಿಯಲ್ಲಿ ಕಿತ್ತುಹಾಕಿದ್ದು ಲ್ಯಾಟಿನ್ ಎಂಬ ತಡೆಬಾಗಿಲನ್ನು. ಇಂಗ್ಲೆಂಡಿನಲ್ಲಿ ಬಾಗಿಲು ಹೋದ ಮೇಲೆ ಒಳಗಿನ ವಿದ್ಯೆಯೂ ಬಡವರ ಶಾಲೆಯಿಂದ ಹೋಯಿತು, ಶ್ರೀಮಂತರ ಶಾಲೆಯಲ್ಲಿ ಉಳಿಯಿತು. ಆದ್ದರಿಂದ ಸರಕಾರ ಹಿಂದೆ ಸರಿದರೆ ಶಾಸ್ತ್ರೀಯ ಭಾಷೆಯೇನೂ ಸಾಯುವುದಿಲ್ಲ. ಶುಲ್ಕ ತೆರಬಲ್ಲವರ ಸ್ವತ್ತಾಗಿ ಬಾಳುತ್ತದೆ. ನಾಗಾವಿಯ ಘಟಿಕೆಯಲ್ಲಿ ಜನ್ಮದಿಂದ ನಿರ್ಧಾರವಾಗುತ್ತಿದ್ದ ಪ್ರವೇಶ ಈಗ ಹಣದಿಂದ ನಿರ್ಧಾರವಾಗುತ್ತದೆ.

6. ಆಕ್ಷೇಪಗಳು ಮತ್ತು ನಮ್ಮ ನಿಲುವು

ಇದಕ್ಕೆ ಎರಡು ಪ್ರಬಲ ಆಕ್ಷೇಪಗಳಿವೆ. ಗಣಿತ, ವಿಜ್ಞಾನಗಳಿಗೇ ಉಪಾಧ್ಯಾಯರಿಲ್ಲದ ಹಳ್ಳಿಯ ಶಾಲೆಗೆ ಪ್ರಾಚೀನ ಭಾಷೆಯ ಉಪಾಧ್ಯಾಯರನ್ನು ಕೇಳುವುದು ವಿಲಾಸವಲ್ಲವೆ ಎಂಬುದು ಮೊದಲನೆಯದು. ಇದು ನಿಜವಾದ ಆಕ್ಷೇಪ. ಪ್ರತಿಯೊಂದು ಶಾಲೆಯಲ್ಲೂ ಸಂಸ್ಕೃತಕ್ಕೊಬ್ಬರು, ಪಾರಸಿಗೊಬ್ಬರು ಬೇಕೆಂದು ನಾವು ಹೇಳಲಾರೆವು. ಆದರೆ ಹಳಗನ್ನಡದ ವಿಷಯದಲ್ಲಿ ಈ ಆಕ್ಷೇಪ ಅನ್ವಯಿಸುವುದಿಲ್ಲ. ಕನ್ನಡದ ಉಪಾಧ್ಯಾಯರು ಪ್ರೌಢಶಾಲೆಯಲ್ಲಿ ಇರಲೇಬೇಕಾದವರು. ಪಂಪಭಾರತದ ದ್ರೋಣ-ದ್ರುಪದರ ಪ್ರಸಂಗ, ಕುಮಾರವ್ಯಾಸನ ಕೃಷ್ಣ-ಕರ್ಣರ ಪ್ರಸಂಗಗಳು ಹತ್ತನೆಯ ತರಗತಿಯ ಪಠ್ಯದಲ್ಲಿ ಸ್ಥಾನ ಪಡೆದಿದ್ದುವೇ ಆಗಿವೆ. ಇಲ್ಲಿ ಬೇಕಾದದ್ದು ಹೊಸ ಹುದ್ದೆಯಲ್ಲ. ಪದ್ಯವನ್ನು ಓದಿಸುವ, ಸಂಧಿ ಬಿಡಿಸುವ, ಅನ್ವಯ ಹೇಳುವ ಶಕ್ತಿಯುಳ್ಳ ಉಪಾಧ್ಯಾಯರ ತರಬೇತಿ. ಅದರ ವೆಚ್ಚ ಸ್ವಲ್ಪ, ಫಲ ಎಲ್ಲ ಮಕ್ಕಳಿಗೆ.

ಸಂಸ್ಕೃತವನ್ನು ಶತಮಾನಗಳ ಕಾಲ ಬಹುಜನರಿಗೆ ನಿರಾಕರಿಸಲಾಗಿತ್ತು, ಅವರ ತೆರಿಗೆಯಿಂದ ಅದನ್ನು ಪೋಷಿಸುವುದು ಅನ್ಯಾಯ ಎಂಬುದು ಎರಡನೆಯ ಆಕ್ಷೇಪ. ಇದರ ಚಾರಿತ್ರಿಕ ಸತ್ಯವನ್ನು ನಾವು ಒಪ್ಪಿದ್ದೇವೆ. ಆದರೆ ನಿರಾಕರಣೆಗೆ ಪರಿಹಾರ ಪ್ರವೇಶವೇ ಹೊರತು ಇನ್ನೊಂದು ನಿರಾಕರಣೆಯಲ್ಲ. ಒಕ್ಕಲುಮಗನ, ದಲಿತರ, ಮುಸಲ್ಮಾನರ ಮಗುವಿಗೆ ಸಂಸ್ಕೃತವನ್ನೋ ಪಾರಸಿಯನ್ನೋ ಓದುವ ಆಸೆಯಾದರೆ, ಆ ಆಸೆ ಸರಕಾರಿ ಶಾಲೆಯಲ್ಲಿ ಈಡೇರುವಂತಿರಬೇಕು. ತನ್ನನ್ನು ಹೊರಗಿಟ್ಟ ಗ್ರಂಥವನ್ನು ಮೂಲದಲ್ಲೇ ಓದಿ ಪ್ರಶ್ನಿಸುವ ಹಕ್ಕೂ ಅದರಲ್ಲಿ ಸೇರಿದೆ.

ಆದ್ದರಿಂದ ನಮ್ಮ ನಿಲುವನ್ನು ಹೀಗೆ ಸಂಗ್ರಹಿಸಬಹುದು. ಸರಕಾರಿ ಶಾಲೆಗಳಲ್ಲಿ ಶಾಸ್ತ್ರೀಯ ಭಾಷೆಗಳ ಬೋಧನೆಗೆ ಸರಕಾರ ಹಣ ಒದಗಿಸಬೇಕು. ಆದರೆ ಅದಕ್ಕೆ ಮೂರು ನಿಬಂಧನೆಗಳಿರಬೇಕು. ಮೊದಲನೆಯದಾಗಿ, ಹಳಗನ್ನಡದ ಓದು ಪ್ರಥಮ ಭಾಷೆ ಕನ್ನಡದ ಒಳಗೇ, ಎಲ್ಲರಿಗೂ, ತರಬೇತಿ ಪಡೆದ ಉಪಾಧ್ಯಾಯರಿಂದ ನಡೆಯಬೇಕು. ಮೊದಲ ಹಣ ಇದಕ್ಕೆ ಸಲ್ಲಬೇಕು. ಎರಡನೆಯದಾಗಿ, ಸಂಸ್ಕೃತ, ಪ್ರಾಕೃತ, ಪಾಲಿ, ಪಾರಸಿ, ಅರಬ್ಬಿಗಳು ತೃತೀಯ ಅಥವಾ ಐಚ್ಛಿಕ ಭಾಷೆಗಳಾಗಿ, ಪ್ರತಿ ತಾಲ್ಲೂಕಿನ ಕೆಲವು ಶಾಲೆಗಳಲ್ಲಾದರೂ ಲಭ್ಯವಾಗಬೇಕು. ಅವುಗಳಲ್ಲಿ ಒಂದಕ್ಕೆ ಮಾತ್ರ ಬೊಕ್ಕಸ ತೆರೆದಿರಬಾರದು. ಮೂರನೆಯದಾಗಿ, ಇವುಗಳಲ್ಲಿ ಯಾವುದೂ ಕನ್ನಡವನ್ನು ತಪ್ಪಿಸಿಕೊಳ್ಳುವ ದಾರಿಯಾಗಬಾರದು. ಪರೀಕ್ಷೆ ಆ ಭಾಷೆಯ ಪಠ್ಯವನ್ನು ಓದಿ ಗ್ರಹಿಸುವ ಶಕ್ತಿಯನ್ನು ಅಳೆಯಬೇಕೇ ಹೊರತು ಅಂಕ ಗಳಿಕೆಯ ಸುಲಭ ಸಾಧನವಾಗಬಾರದು.

ಗೋಕಾಕ್ ಸಮಿತಿಗೆ ಕೇಳಿದ ಪ್ರಶ್ನೆಗೆ ನಾಲ್ಕು ದಶಕಗಳ ಅನಂತರವೂ ಪೂರ್ಣ ಉತ್ತರ ದೊರೆತಿಲ್ಲ. ಸ್ಥಾನದ ಪ್ರಶ್ನೆಯನ್ನು ಆದೇಶಗಳೂ ತೀರ್ಪುಗಳೂ ಒಂದು ಬಗೆಯಲ್ಲಿ ತೀರಿಸಿದವು. ಓದುವ ಶಕ್ತಿಯನ್ನು ಯಾವ ಆದೇಶವೂ ತಂದುಕೊಡಲಾರದು. ಅದು ತರಗತಿಯಲ್ಲಿ, ಉಪಾಧ್ಯಾಯರ ಬಾಯಿಂದ ವಿದ್ಯಾರ್ಥಿಯ ಕಿವಿಗೆ, ವರ್ಷಗಟ್ಟಲೆ ಸಾಗಿ ಬರಬೇಕಾದುದು. ರೈಸ್ ಅವರ ಕಾಲದಲ್ಲಿ ಅಚ್ಚಾದ ಶಾಸನಗಳು ಗ್ರಂಥಾಲಯಗಳಲ್ಲಿವೆ. ಊರೂರಿನ ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ ಅವುಗಳ ಮೂಲ ಕಲ್ಲುಗಳು ನಿಂತಿವೆ. ಆ ಊರಿನ ಸರಕಾರಿ ಶಾಲೆಯ ಮಗು ತನ್ನ ಊರಿನ ಕಲ್ಲಿನ ನಾಲ್ಕು ಸಾಲುಗಳನ್ನಾದರೂ ತಾನೇ ಓದಿ ಅರ್ಥಮಾಡಿಕೊಳ್ಳುವಂತಾದರೆ, ಆ ಶಿಕ್ಷಣಕ್ಕೆ ವ್ಯಯವಾದ ಹಣವನ್ನು ಯಾರೂ ದುಂದೆನ್ನಲಾರರು.